ಎರಡು ತೂತಿನ ಪುಸ್ತಕಗಳು

ನಮ್ಮ ಮೇಲಧಿಕಾರಿಗಳು ಕಾದಂಬರಿಯೊಂದರ ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಅದರ ಮೂಲೆಯಲ್ಲಿದ್ದ ತೂತಿನ ಮೂಲಕ ನನ್ನನ್ನು ನೋಡಿದರು.

"ಏನಮ್ಮ ಇದು? ಇಲಿ ಕಡಿದಿದ್ದಾ?"

ಇಲಿ ಅಷ್ಟು ದುಂಡಗೆ ಕಡಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಇನ್ನೊಂದು ಪುಸ್ತಕ ಎಳೆದರು. ಅದರಲ್ಲೂ ತೂತು. ಮತ್ತೊಂದರಲ್ಲಿ ಪುಟದ ಕೆಳಮೂಲೆಗೆ ಕೆಂಪು ದಾರದ ಒಂದೇ ಒಂದು ಹೊಲಿಗೆ, ಗಂಟು ಸಮೇತ. ಇನ್ನೊಂದರಲ್ಲಿ ಕಾರ್ಖಾನೆಯ ಮಾಲಿನ ಮೇಲೆ ಅಂಟಿಸುವಂಥ ಹಸಿರು 'ಓಕೆ' ಸ್ಟಿಕ್ಕರು. ಉಳಿದವುಗಳಲ್ಲಿ ಪೆನ್ಸಿಲ್ಲಿನ ಚುಕ್ಕೆ, ನಕ್ಷತ್ರ, ಇಂಟು ಮಾರ್ಕು, ಕಾಡಿಗೆಯ ಬೊಟ್ಟು. ಎರಡು ಬೀರು ಕಾದಂಬರಿಗಳಲ್ಲಿ ಗುರುತಿಲ್ಲದ ಪುಸ್ತಕ ಸಿಗುವುದೇ ಕಷ್ಟವಾಗಿತ್ತು.

"ತೂತು ಹೊಡೆಯೋರು ಯಾರು? ಗೊತ್ತಾ ನಿಮಗೆ?"

"ಗೊತ್ತಿಲ್ಲ ಸರ್," ಎಂದೆ. ಗೊತ್ತಿತ್ತು. ಪಂಚಿಂಗ್ ಮಿಷನ್ನು ಒಬ್ಬ ಹಳೆಯ ಓದುಗರ ಷರ್ಟಿನ ಜೇಬಿನಿಂದ ಇಣುಕುವುದನ್ನು ಎಷ್ಟೋ ಸಲ ನೋಡಿದ್ದೆ. ಯಾರು ಏನು ಓದುತ್ತಾರೆ, ಓದಿ ಏನು ಮಾಡುತ್ತಾರೆ ಅನ್ನುವುದು ನನ್ನ ಮತ್ತು ಓದುಗರ ನಡುವಿನ ಮಾತು. ಅದನ್ನು ಮೂರನೆಯವರಿಗೆ ಹೇಳುವ ಅಭ್ಯಾಸ ನನಗಿಲ್ಲ, ಆ ಮೂರನೆಯವರು ತುಮಕೂರಿನಿಂದ ಜೀಪಿನಲ್ಲಿ ಬಂದವರಾದರೂ ಸರಿ.

ಇದು ಗುಬ್ಬಿಯಲ್ಲಿ, ಬಸ್ ಸ್ಟ್ಯಾಂಡಿಗೆ ಕೂಗಳತೆಯಲ್ಲಿರುವ ಒಂದು ಸಣ್ಣ ಗ್ರಂಥಾಲಯದಲ್ಲಿ ನಡೆದದ್ದು. ಅಲ್ಲಿ ನಾನು ಗ್ರಂಥಪಾಲಕಿ. ಮನೆ ತುಮಕೂರಿನಲ್ಲಿ, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಗುಡಿಸುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನನ್ನ ಕೆಲಸ, ಗುಡಿಸುವವರು ಬಾರದ ದಿನ ಅದೂ ನನ್ನದೇ.

ಮೇಲಧಿಕಾರಿಗಳು ಹೊರಡುವ ಮುಂಚೆ ಅಪ್ಪಣೆ ಕೊಟ್ಟರು. ಎರಡೂ ಬೀರುಗಳ ಕಾದಂಬರಿ ವಿಲೇವಾರಿ ಆಗಬೇಕು. ಆ ಜಾಗದಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಮೇಜು ಕುರ್ಚಿ ಬರಬೇಕು. ಗುರುತು ಮಾಡಿದವರು ಯಾರೆಂದು ಪತ್ತೆ ಮಾಡಿ ಸದಸ್ಯತ್ವ ರದ್ದು ಮಾಡಬೇಕು. ಕಾದಂಬರಿ ಬೇಕಾದವರು ಮೊಬೈಲಿನಲ್ಲಿ ಓದಿಕೊಳ್ಳಲಿ.

ಪರೀಕ್ಷೆಯವರಿಗೆ ಜಾಗ ಬೇಕಿತ್ತು, ಅದು ಸುಳ್ಳಲ್ಲ. ಪಾಪ, ಮೆಟ್ಟಿಲ ಮೇಲೆ ಕೂತು ಓದುತ್ತಿದ್ದರು. ಆದರೆ ಹಿಂದಿನ ಕೋಣೆಯಲ್ಲಿ ಹಳೆಯ ದಿನಪತ್ರಿಕೆಗಳ ಕಟ್ಟುಗಳು ಸೂರಿನವರೆಗೆ ಬಿದ್ದಿದ್ದವು. ಅದನ್ನು ಖಾಲಿ ಮಾಡಿಸಿ ಎಂದು ನಾನು ಎರಡು ಸಲ ಬರೆದಿದ್ದೆ, ಉತ್ತರ ಬಂದಿರಲಿಲ್ಲ. ಈಗ ಕಾದಂಬರಿಗಳ ಮೇಲೆ ಕಣ್ಣು ಬಿದ್ದಿತ್ತು.

ಪುಸ್ತಕವನ್ನು ವಿಲೇವಾರಿ ಮಾಡುವುದು ರದ್ದಿಯವನನ್ನು ಕರೆದು ತೂಕ ಹಾಕಿದಷ್ಟು ಸುಲಭವಲ್ಲ. ಪ್ರತಿ ಪುಸ್ತಕಕ್ಕೂ ಗ್ರಂಥಾಲಯಕ್ಕೆ ಬಂದ ದಿನ ಕೊಟ್ಟ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಗಳನ್ನೆಲ್ಲ ಒಂದು ಪಟ್ಟಿಗೆ ಇಳಿಸಬೇಕು. ಕೊನೆಯಲ್ಲಿ ಒಂದು ಒಕ್ಕಣೆ, ಅದರ ಕೆಳಗೆ ಗ್ರಂಥಪಾಲಕರ ಸಹಿ. ಆ ಸಹಿ ಬೀಳದೆ ಒಂದು ಹಾಳೆಯೂ ಬಾಗಿಲು ದಾಟುವಂತಿಲ್ಲ. ಪಟ್ಟಿ ಮಾಡಲು ಕೂತಾಗ ನನಗೆ ಆ ಸಹಿಯ ಯೋಚನೆಯೇ ಬಂದಿರಲಿಲ್ಲ. ಹೇಗಾದರೂ ಪುಸ್ತಕಗಳನ್ನು ಚೊಕ್ಕ ಮಾಡಿ ತೋರಿಸಿದರೆ ಉಳಿದಾವು ಎನ್ನುವುದಷ್ಟೇ ತಲೆಯಲ್ಲಿತ್ತು.

ಹಾಗಾಗಿ ಫೋನು ಮಾಡಿ ಕೇಳಿದೆ: "ಸರ್, ಬೈಂಡ್ ಮಾಡಿಸಿ ನೋಡ್ಲಾ? ನೋಡೋಕೆ ನೀಟಾಗಿದ್ರೆ ಇಟ್ಕೋಬಹುದಲ್ಲ."

"ಒಂದು ಕಟ್ಟು ಮಾಡಿಸಿ, ನೋಡೋಣ," ಎಂದರು. ಅಷ್ಟಕ್ಕೇ ನನಗೆ ಗೆದ್ದ ಹಾಗಾಯಿತು.

ಹೆಚ್ಚು ಹರಿದಿದ್ದ ಒಂದು ಕಟ್ಟು ಆರಿಸಿ, ಸೀರೆಯ ರಟ್ಟಿನ ಡಬ್ಬದಲ್ಲಿ ತುಂಬಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತುಮಕೂರಿಗೆ ಒಯ್ದೆ. ಚಿಕ್ಕಪೇಟೆಯ ಒಂದು ಓಣಿಯಲ್ಲಿ ನನಗೆ ಗೊತ್ತಿದ್ದ ಬೈಂಡರ್ ಇದ್ದರು. ಹಳೆಯ ಹೊಲಿಗೆ ಬಿಚ್ಚಿ, ಬೆನ್ನಿಗೆ ಹೊಸ ಅಂಟು ಕೊಟ್ಟು, ಗಟ್ಟಿ ರಟ್ಟು, ಮೇಲೆ ಕೆಂಪು ಬಟ್ಟೆ ಹಾಕಿ ಕೊಟ್ಟರು. ಮೂರೂ ಅಂಚು ಮಿಷನ್ನಿಗೆ ಕೊಟ್ಟು ಕತ್ತರಿಸಿದ್ದರು. ಮುಟ್ಟಿದರೆ ಬೆರಳು ಜಾರುವಷ್ಟು ನುಣ್ಣಗಿದ್ದವು. ಮೇಲಧಿಕಾರಿಗಳಿಗೆ ಫೋಟೋ ಕಳಿಸಿದೆ. ಹೆಬ್ಬೆಟ್ಟು ಎತ್ತಿದ ಚಿತ್ರ ವಾಪಸ್ಸು ಬಂತು. ಉಳಿದವುಗಳ ವಿಲೇವಾರಿಯ ಅಪ್ಪಣೆ ಮಾತ್ರ ಇನ್ನೂ ಹಾಗೇ ಇತ್ತು.

ಆ ಪುಸ್ತಕಗಳನ್ನು ಬಾಗಿಲ ಎದುರಿನ ಕಪಾಟಿನಲ್ಲಿ ಜೋಡಿಸಿದೆ. ಒಬ್ಬರೂ ಮನೆಗೆ ಒಯ್ಯಲಿಲ್ಲ. ಬರುವವರು ಕೈಗೆತ್ತಿಕೊಳ್ಳುತ್ತಿದ್ದರು, ಒಂದೆರಡು ಹಾಳೆ ತಿರುವುತ್ತಿದ್ದರು, ಮುಖ ಹಿಂಡಿ ಇಟ್ಟುಬಿಡುತ್ತಿದ್ದರು. ಹೊಸ ರಟ್ಟಿನ ವಾಸನೆಯೇನೋ ಎಂದುಕೊಂಡು ಕಿಟಕಿ ತೆರೆದಿಟ್ಟೆ. ಪ್ರಯೋಜನವಾಗಲಿಲ್ಲ.

ಸಂತೆಯ ದಿನ ಕಡಬದ ಟೈಲರ್ ಅಕ್ಕ ಬಂದರು. ಅವರು ಕಡಬದಲ್ಲಿ ಮನೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುವವರು. ವಾರಕ್ಕೊಮ್ಮೆ ಸಂತೆಯ ಬಸ್ಸಿನಲ್ಲಿ ಗುಬ್ಬಿಗೆ ಬಂದು, ದಾರ, ಗುಂಡಿ, ಲೈನಿಂಗ್ ಬಟ್ಟೆ ಕೊಂಡು, ನನ್ನಲ್ಲಿಂದ ಎರಡು ಕಾದಂಬರಿ ಒಯ್ಯುತ್ತಿದ್ದರು. ಆ ಕೆಂಪು ದಾರದ ಹೊಲಿಗೆ ಅವರದ್ದೇ ಎಂದು ಊಹಿಸಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಅವತ್ತು ಕೆಂಪು ರಟ್ಟಿನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡಿ ನನ್ನ ಕಡೆ ತಿರುಗಿದರು.

"ಮೇಡಂ, ಇವ್ಗಳಲ್ಲಿ ತೂತೇ ಇಲ್ವಲ್ಲ! ನಾನು ಎಂಗೆ ತಗೊಂಡೋಗ್ಲಿ?"

"ತೂತು ಇಲ್ದೆ ಇರೋದು ಒಳ್ಳೇದಲ್ವೇನಕ್ಕ?"

"ಒಳ್ಳೇದು ಎಂಗಾಯ್ತದೆ? ನಂದು ಹೊಲಿಗೆ ಇದ್ರೆ ಓದೀನಿ ಅಂತ. ರಟ್ಟು ಕಿತ್ತೋಗಿರ್ತವೆ, ಹೆಸ್ರು ನೆಪ್ಪಿರಕಿಲ್ಲ, ಅರ್ಧ ಓದಿದ್ಮ್ಯಾಲೆ ಅಯ್ಯೋ ಇದು ಓದಿದ್ದೇ ಅಂತ ಗೊತ್ತಾದ್ರೆ ವಾರ ಪೂರಾ ಹಾಳು. ಇನ್ನು ತೂತು, ಅದು ಯಾರೋ ಪುಣ್ಯಾತ್ಮರು ಹೊಡೀತಾರೆ. ಒಂದು ತೂತು ಇದ್ರೆ ಪರವಾಗಿಲ್ಲ ಅಂತ. ಎರಡು ತೂತು ಇದ್ರೆ ಮಾತ್ರ ಕಣ್ಣು ಮುಚ್ಕೊಂಡು ತಗೊಂಡೋಗ್ತೀನಿ. ಇವತ್ತಿನವರ್ಗೂ ಒಂದೂ ಕೈ ಕೊಟ್ಟಿಲ್ಲ."

ನಾನು ಬೆಪ್ಪಾಗಿ ನಿಂತೆ. ಬೈಂಡರ್ ಅಂಚು ಕತ್ತರಿಸಿದಾಗ ಗುರುತುಗಳೆಲ್ಲ ಕತ್ತರಿಸಿ ಹೋಗಿದ್ದವು. ಯಾವ ಪುಸ್ತಕ ಚೆನ್ನಾಗಿದೆ ಎಂದು ಈ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ದಾರಿಯೇ ಅದು. ಮುಖ ನೋಡಿರಲಿಲ್ಲ, ಹೆಸರು ಗೊತ್ತಿರಲಿಲ್ಲ, ಆದರೂ ಇಂಥವರ ಗುರುತಿದ್ದರೆ ನನಗೂ ಹಿಡಿಸುತ್ತದೆ ಎನ್ನುವ ನಂಬಿಕೆ ಬೆಳೆದಿತ್ತು. ನಾನು ಕಾಸು ಕೊಟ್ಟು ಅದನ್ನು ಕತ್ತರಿಸಿಕೊಂಡು ಬಂದಿದ್ದೆ.

"ಬೀರುವಿನಲ್ಲಿರೋದನ್ನೂ ಕಳಿಸ್ತಾರಂತೆ ಅಕ್ಕ, ರದ್ದಿಗೆ," ಎಂದೆ.

ಅವರು ಕೈಚೀಲವನ್ನು ಮೇಜಿನ ಮೇಲೆ ಇಟ್ಟರು. "ಎಲ್ಲಾನೂವಾ?"

"ಎಲ್ಲಾನೂ. ಮೊಬೈಲಲ್ಲಿ ಓದ್ಬಹುದಂತೆ."

"ಮೊಬೈಲು ಒಂದೇ ಇರೋದು, ಅದು ಮಗಳ ಕೈಯಾಗಿರ್ತದೆ. ದಿನಾ ಮಿಷನ್ ತುಳ್ದು ತುಳ್ದು ಕಾಲು ಮರಗಟ್ಟಿರ್ತದೆ ಮೇಡಂ. ಮಲಗೋಕೆ ಮುಂಚೆ ಒಂದಿಷ್ಟು ಓದ್ಕೊಂಡ್ರೆ ನಂದೂ ಒಂದು ಬಾಳು ಅನ್ನಿಸ್ತದೆ. ಅದ್ನೂ ಕಿತ್ಕೊಂಡ್ರೆ ಎಂಗೆ?"

ಅವರು ಬೀರುವಿನಿಂದ ಎರಡು ತೂತಿನ ಎರಡು ಪುಸ್ತಕ ಹುಡುಕಿ ತೆಗೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೋದರು. ಇನ್ನೊಂದು ಪುಸ್ತಕವನ್ನೂ ಬೈಂಡಿಂಗಿಗೆ ಕಳಿಸುವುದಿಲ್ಲ ಎಂದು ಅವತ್ತೇ ನಿರ್ಧರಿಸಿದೆ.

ಅಷ್ಟರಲ್ಲಿ ಗ್ರಂಥಾಲಯ ಸಪ್ತಾಹ ಬಂತು. 'ಮೆಚ್ಚಿನ ಪುಸ್ತಕ, ಮೆಚ್ಚಿನ ಲೇಖಕರು' ಎಂಬ ಕಾರ್ಯಕ್ರಮ ನಡೆಸಬೇಕೆಂದು ಮೇಲಿನಿಂದ ಸೂಚನೆ. ಓದುಗರು ತಾವು ಮೆಚ್ಚಿದ ಪುಸ್ತಕದ ಬಗ್ಗೆ ಮಾತನಾಡಬೇಕು, ಅಧ್ಯಕ್ಷತೆ ಮೇಲಧಿಕಾರಿಗಳದ್ದು. ಸೂಚನೆಯ ಹಿಂದೆಯೇ ಹೆಸರಾಂತ ಸಾಹಿತಿಗಳ ಪಟ್ಟಿಯೊಂದು ಬಂತು. ಇವರ ಕೃತಿಗಳ ಬಗ್ಗೆ ಮಾತ್ರ ಮಾತನಾಡಿಸತಕ್ಕದ್ದು. ಅದೇ ದಿನ ವಿಲೇವಾರಿ ಪಟ್ಟಿಯನ್ನೂ ಸಿದ್ಧವಿಡಿ, ಸಹಿ ಮುಗಿಸಿ ಪುಸ್ತಕ ತುಂಬಿಸಿಕೊಂಡು ಹೋಗೋಣ ಎಂದು ಫೋನಿನಲ್ಲಿ ಹೇಳಿದರು. ಎರಡೂ ಒಂದೇ ದಿನ ಮಾಡುವುದರಲ್ಲಿ ಅವರಿಗೆ ಏನೂ ವಿಚಿತ್ರ ಕಾಣಲಿಲ್ಲ.

ನಾನು ಓದುಗರನ್ನು ಒಬ್ಬೊಬ್ಬರಾಗಿ ಒಪ್ಪಿಸತೊಡಗಿದೆ. ಮೊದಲು ಸಿಕ್ಕಿದವರು ಕಂಡಕ್ಟರ್ ಯಜಮಾನರು. ಪ್ರೈವೇಟ್ ಬಸ್ಸಿನಲ್ಲಿ ಜೀವಮಾನವಿಡೀ ಕಂಡಕ್ಟರ್ ಆಗಿದ್ದು ಈಗ ಮನೆಯಲ್ಲಿರುವವರು, ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹಾಜರು. ತೂತು ಹೊಡೆಯುವವರು ಇವರೇ. ಬೆಳಿಗ್ಗೆ ಬಂದು ಹೋಗುವ ಇವರೂ ಮಧ್ಯಾಹ್ನದ ಟೈಲರ್ ಅಕ್ಕನೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ನಾನೂ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿರಲಿಲ್ಲ.

ಅವರು ಕನ್ನಡಕ ಏರಿಸಿ ಪಟ್ಟಿ ಓದಿದರು. "ಇವ್ರಲ್ಲಿ ಇಬ್ಬರನ್ನ ಓದೀನಿ. ದೊಡ್ಡೋರು, ಚೆನ್ನಾಗಿ ಬರ್ದವ್ರೆ. ಮಾತಾಡು ಅಂದ್ರೆ ಮಾತಾಡ್ತೀನಿ. ಆದ್ರೆ ಮೆಚ್ಚಿನ ಪುಸ್ತಕ ಅಂದ್ರೆ ಬೇರೆ ಮೇಡಂ."

"ನೀವೇ ಒಂದಿಷ್ಟು ತಯಾರಿ ಮಾಡ್ಕೊಂಡು ಬನ್ನಿ."

ಮಾರನೆಯ ದಿನ ತಯಾರಿ ಮಾಡಿಕೊಂಡು ಬಂದರು. ಪುಸ್ತಕದ ಬೆನ್ನುಪುಟದಲ್ಲಿದ್ದುದನ್ನು ಅಕ್ಷರ ಬಿಡದೆ ಬರೆದು ತಂದು, ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ ಓದಿದರು. ಹಸಿರು ಸ್ಟಿಕ್ಕರಿನ ಹುಡುಗಿ, ವಸಂತನರಸಾಪುರದ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ಕೆಲಸದವಳು, ರಜೆಯ ದಿನ ಬಂದು ಅದೇ ಬೆನ್ನುಪುಟವನ್ನು ಓದಿದಳು. ಇನ್ನು ಮೂವರು ಗೈಡುಗಳಿಂದ ಬರೆದುಕೊಂಡು ಬಂದರು. 'ಮಾನವೀಯ ಮೌಲ್ಯಗಳ ಮಹಾನ್ ಪ್ರತಿಪಾದಕರು' ಎನ್ನುವುದು ಎಲ್ಲರಲ್ಲೂ ಇತ್ತು. ಟೈಲರ್ ಅಕ್ಕ ಪಟ್ಟಿಯನ್ನು ಓದಿ ಮಡಿಸಿ ನನ್ನ ಕೈಗೇ ಕೊಟ್ಟರು.

"ನಾನು ಬರಕಿಲ್ಲ ಬುಡಿ ಮೇಡಂ. ಓದ್ದೇ ಇರೋದ್ನ ಓದೀನಿ ಅಂತ ಅಷ್ಟು ಜನದ ಮುಂದೆ ಸುಳ್ಳು ಹೇಳೋಕೆ ನಾಚ್ಕೆ ಆಯ್ತದೆ."

ಆ ಮಾತು ನನಗೆ ನೇರವಾಗಿ ನಾಟಿತು. ಸುಳ್ಳು ಹೇಳಿಸಲು ಹೊರಟಿದ್ದವಳು ನಾನು. ರೈಲಿನಲ್ಲಿ ಮನೆಗೆ ಬರುವ ತನಕ ಮೈಯೆಲ್ಲ ಉರಿಯುತ್ತಿತ್ತು. ಜನ ನಿಜವಾಗಿ ಓದುವುದನ್ನು ರದ್ದಿಗೆ ಹಾಕಿ, ಓದದಿರುವುದನ್ನು ಮೆಚ್ಚಿದೆವೆಂದು ಅವರ ಬಾಯಲ್ಲೇ ಹೇಳಿಸಿ, ಫೋಟೋ ತೆಗೆಸಿ ಮೇಲಕ್ಕೆ ಕಳಿಸುವುದು. ಇದಕ್ಕೆ ಸಪ್ತಾಹ ಬೇರೆ ಕೇಡು. ತುಮಕೂರು ಸ್ಟೇಷನ್ನಿನಲ್ಲಿ ಇಳಿಯುವ ಹೊತ್ತಿಗೆ ತೀರ್ಮಾನ ಆಗಿತ್ತು.

ಎಲ್ಲರಿಗೂ ಫೋನು ಮಾಡಿದೆ. ಬರೆದದ್ದನ್ನೆಲ್ಲ ಹರಿದು ಹಾಕಿ, ನಿಮಗೆ ನಿಜವಾಗಿ ಹಿಡಿಸಿದ ಪುಸ್ತಕವನ್ನು ಬೀರುವಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಾತನಾಡಿ ಎಂದೆ. ಅದರಲ್ಲಿ ನಿಮ್ಮ ಗುರುತಿದ್ದರೆ ಸಾಹೇಬರು ನೋಡುತ್ತಾರೆ, ಸದಸ್ಯತ್ವ ಹೋಗಬಹುದು, ಮನಸ್ಸಿದ್ದರೆ ಮಾತ್ರ ಬನ್ನಿ ಎಂದೂ ಹೇಳಿದೆ. ಕಂಡಕ್ಟರ್ ಯಜಮಾನರು ನಕ್ಕರು. "ಚೆಕಿಂಗ್‌ನೋರು ಬಸ್ ಹತ್ತಿದಾಗ ಇಳ್ದು ಓಡ್ಹೋದೋನಲ್ಲ ನಾನು, ಬರ್ತೀನಿ." ಟೈಲರ್ ಅಕ್ಕ ಸಂತೆಯಿಲ್ಲದ ದಿನ ಎರಡು ಬಸ್ ಬದಲಾಯಿಸಿ ಬರಬೇಕಿತ್ತು. 'ನೋಡ್ತೀನಿ' ಎಂದು ಫೋನು ಇಟ್ಟರು.

ಕಾರ್ಯಕ್ರಮದ ದಿನ ಮೇಲಧಿಕಾರಿಗಳ ಜೀಪಿನ ಹಿಂದೆ ಒಂದು ಲಗೇಜ್ ಆಟೋ ಬಂದು ನಿಂತಿತು. ಪುಸ್ತಕ ತುಂಬಿಕೊಳ್ಳಲು ಅದು. ಪಟ್ಟಿಯನ್ನು ಮೇಜಿನ ಮೇಲಿಟ್ಟಿದ್ದೆ, ಸಹಿ ಒಂದು ಬಾಕಿ. ಟೈಲರ್ ಅಕ್ಕ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪರೀಕ್ಷೆಯ ಹುಡುಗರೂ ಪುಸ್ತಕ ಮುಚ್ಚಿಟ್ಟು ಬಂದು ನಿಂತರು.

ಹಸಿರು ಸ್ಟಿಕ್ಕರಿನ ಹುಡುಗಿ ಮೊದಲು ಎದ್ದಳು. ಪತ್ತೇದಾರಿ ಕಾದಂಬರಿಯೊಂದನ್ನು ಹಿಡಿದುಕೊಂಡಿದ್ದಳು. ಕಂಪನಿ ಬಸ್ಸಿನಲ್ಲಿ ಓದುತ್ತಾ ಇಳಿಯುವ ಗೇಟು ದಾಟಿಹೋಗಿ ಸೂಪರ್‌ವೈಸರ್ ಕೈಲಿ ಬೈಸಿಕೊಂಡಿದ್ದನ್ನು ಹೇಳಿದಳು. "ಅದಕ್ಕೇ ಇದಕ್ಕೆ ಓಕೆ ಸ್ಟಿಕ್ಕರ್ ಹಾಕಿದೀನಿ ಸರ್. ನಾನು ರಿಜೆಕ್ಟ್ ಮಾಡಿರೋ ಪುಸ್ತಕಾನೂ ಇದಾವೆ." ಜನ ನಕ್ಕರು. ಮೇಲಧಿಕಾರಿಗಳು ನನ್ನ ಕಡೆ ನೋಡಿದರು. ನಾನು ಟೈಲರ್ ಅಕ್ಕನನ್ನು ಕರೆದೆ.

ಅವರ ಕೈಯಲ್ಲಿದ್ದ ಪುಸ್ತಕಕ್ಕೆ ರಟ್ಟೂ ಇರಲಿಲ್ಲ, ಮೊದಲ ಹಾಳೆಗಳೂ ಇರಲಿಲ್ಲ.

"ಇದ್ನ ಬರ್ದೋರು ಯಾರು ಅಂತ ನಂಗೊತ್ತಿಲ್ಲ," ಎಂದು ಶುರು ಮಾಡಿದರು. ದನಿ ನಡುಗುತ್ತಿತ್ತು. "ಹೆಸ್ರು ಅರ್ದೋಗೈತೆ. ಆದ್ರೂ ನನ್ನ ಮೆಚ್ಚಿನ ಲೇಖಕಿ ಇವ್ಳೇ. ಹೆಂಗ್ಸೇ ಇರ್ಬೇಕು. ಯಾಕಂದ್ರೆ ಇದ್ರಾಗೆ ಗಂಡ ಬೈದ್ಮ್ಯಾಲೆ ಅವ್ಳು ಅಳಕಿಲ್ಲ, ಒಲೆ ಮೇಲಿರೋ ಹಾಲು ಇಳ್ಸಿ ಆಮೇಲೆ ಮನೆ ಬುಟ್ಟು ಹೊಂಟೋಗ್ತಾಳೆ. ಹಾಲು ಇಳ್ಸೋದು ಗಂಡಸ್ರಿಗೆ ಹೊಳೀತದಾ? ನಾನು ಮೂರು ಸಲ ಓದೀನಿ. ಮೂರು ಹೊಲಿಗೆ ಹಾಕೀನಿ ನೋಡಿ. ಇದ್ನ ನಂಗೆ ತೋರ್ಸಿಕೊಟ್ಟಿದ್ದು ಎರಡು ತೂತು. ಆ ತೂತು ಹೊಡ್ದೋರು ಯಾರೋ, ಅವ್ರ ಹೊಟ್ಟೆ ತಣ್ಣಗಿರ್ಲಿ."

ನನಗೆ ಲೇಖಕಿಯ ಹೆಸರು ಗೊತ್ತಿತ್ತು. ಆ ಹೊತ್ತಿನಲ್ಲಿ ಎದ್ದು ಹೇಳಲು ಮನಸ್ಸಾಗಲಿಲ್ಲ. ಮುಂದಿನ ಸಾಲಿನಲ್ಲಿ ಕಂಡಕ್ಟರ್ ಯಜಮಾನರು ಮೆಲ್ಲಗೆ ಎದ್ದರು.

"ಎಲ್ಲಿ, ಆ ಪುಸ್ತಕ ಕೊಡಮ್ಮ." ಹಾಳೆ ತಿರುವಿ ಮೂಲೆ ನೋಡಿದರು. "ಇದಾ! ತೂತು ಹೊಡ್ದೋನು ನಾನೇ ಕಣಮ್ಮ. ಎರಡು ತೂತು ಅಂದ್ರೆ ಕ್ಯಾನ್ಸಲ್!"

"ಏನಂದ್ರಿ?"

"ಬಸ್ಸಲ್ಲಿ ಟಿಕೇಟ್ ತಪ್ಪಾಗಿ ಹರ್ದ್ರೆ ಎರಡು ತೂತು ಹೊಡೀತಿದ್ದೆ, ಇದು ನಡೆಯಲ್ಲ ಅಂತ. ಪುಸ್ತಕಕ್ಕೂ ಅದೇ ಲೆಕ್ಕ. ಒಂದು ತೂತು ಹೊಡ್ದಿದ್ರೆ ಓದ್ಬಹುದು. ಎರಡು ಇದ್ರೆ ಹತ್ಬೇಡಿ ಅಂತ! ಈ ಪುಸ್ತಕ ಏನಮ್ಮ, ಮೊದಲಿಂದ ಕೊನೆವರ್ಗೂ ಬರೀ ಅಳು."

"ಅಳೋ ಜಾಗ ಒಂದೇ ಒಂದು ಐತೆ ಇದ್ರಾಗೆ! ನೀವು ಓದೀರೋ, ಟಿಕೇಟ್ ಹರೀತಾ ಕೂತಿದ್ರೋ?" ಟೈಲರ್ ಅಕ್ಕನ ನಡುಕ ಎಲ್ಲಿ ಹೋಯಿತೋ. "ನೀವು ಬ್ಯಾಡ ಅಂದಿದ್ದನ್ನೆಲ್ಲ ಹುಡುಕಿ ಹುಡುಕಿ ಓದೀನಲ್ಲ ನಾನು ಇಷ್ಟು ವರ್ಷ!"

"ಎಲ್ಲಾನೂ?"

"ಎಲ್ಲಾನೂ! ಎಲ್ಲಾನೂ ಚೆನ್ನಾಗಿದ್ದೊ!"

ಕೋಣೆಯೆಲ್ಲ ನಗು. ಪರೀಕ್ಷೆಯ ಹುಡುಗರು ಶಿಳ್ಳೆ ಹೊಡೆದರು. ನಾನೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಕಂಡಕ್ಟರ್ ಯಜಮಾನರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡುತ್ತಾ, ಹಾಲಿನ ವಿಷಯ ಎಷ್ಟನೇ ಪುಟದಲ್ಲಿದೆ, ನನ್ನ ಕಣ್ಣಿಗೆ ಬೀಳಲೇ ಇಲ್ಲವಲ್ಲ ಎಂದು ಗೊಣಗಿದರು.

ಮೇಲಧಿಕಾರಿಗಳು ಮೇಜು ತಟ್ಟಿದರು. "ಸರಿ, ಎಲ್ಲಾ ಗೊತ್ತಾಯ್ತಲ್ಲ. ಗುರುತು ಮಾಡಿದೋರು ಅವರೇ ಒಪ್ಕೊಂಡಿದ್ದಾರೆ. ಇವರ ಸದಸ್ಯತ್ವ ಇವತ್ತೇ ರದ್ದು ಮಾಡಿ. ಯಜಮಾನ್ರೇ ಎರಡು ತೂತು ಹೊಡೆದು ಕ್ಯಾನ್ಸಲ್ ಅಂದಿದ್ದಾರೆ, ನಮ್ಮ ಕೆಲಸ ಸುಲಭ ಆಯ್ತು. ಸಹಿ ಮಾಡಿ ಅಮ್ಮ, ಆಟೋ ಕಾಯ್ತಿದೆ."

ನಾನು ಹತ್ತಿರವಿದ್ದ ಒಂದು ಪುಸ್ತಕ ಎತ್ತಿಕೊಂಡು ಒಳಗಿನ ಪುಟವೊಂದನ್ನು ಬಿಡಿಸಿ ಅವರ ಮುಂದಿಟ್ಟೆ. ಗ್ರಂಥಾಲಯಗಳಲ್ಲಿ ಒಂದು ಪದ್ಧತಿ ಇದೆ. ಮೊದಲ ಹಾಳೆ ಹರಿದು ಯಾರಾದರೂ ಪುಸ್ತಕ ಒಯ್ದಾರೆಂದು, ನಾವು ಗೊತ್ತುಮಾಡಿಕೊಂಡ ಒಂದು ಒಳಪುಟದಲ್ಲೂ ಮೊಹರು ಹೊಡೆಯುತ್ತೇವೆ. ಅದನ್ನು ಗುಪ್ತ ಪುಟ ಎನ್ನುತ್ತೇವೆ. ಗುಪ್ತವೆಂಬುದು ಮಾತಿಗಷ್ಟೇ, ಹಳೆಯ ಓದುಗರಿಗೆಲ್ಲ ಗೊತ್ತು.

"ಇದೂ ಗುರುತೇ ಅಲ್ವಾ ಸರ್? ಇವರೆಲ್ಲ ನಮ್ಮನ್ನ ನೋಡಿಯೇ ಕಲ್ತಿರೋದು."

"ಅದು ಇಲಾಖೆ ಆಸ್ತಿ ಅನ್ನೋದಕ್ಕೆ."

"ಇವರದ್ದು ಓದಿದೀವಿ ಅನ್ನೋದಕ್ಕೆ. ನಮ್ಮ ಮೊಹರು ಮಾತ್ರ ಇರೋ ಪುಸ್ತಕ ಇಟ್ಕೊಂಡು ಇವರ ಗುರುತು ಇರೋದನ್ನ ಎಸೀಬೇಕು ಅಂದ್ರೆ, ಓದೋರು ಬೇಡ, ಆಸ್ತಿ ಸಾಕು ಅಂತ ನೀವು ಬರೆದುಕೊಡಿ ಸರ್. ನಾನು ಗೋಡೆಗೆ ಅಂಟಿಸ್ತೀನಿ."

ಅವರ ಮುಖ ಕೆಂಪಾಯಿತು. "ಸಹಿ ಮಾಡ್ತೀರೋ ಇಲ್ವೋ?"

ಪಟ್ಟಿಯ ಕೊನೆಯ ಹಾಳೆಯನ್ನು ಎತ್ತಿಕೊಂಡು, ಸಹಿಯ ಮೇಲಿದ್ದ ಒಕ್ಕಣೆಯನ್ನು ಎಲ್ಲರಿಗೂ ಕೇಳುವಂತೆ ಓದಿದೆ: 'ಮೇಲ್ಕಂಡ ಪುಸ್ತಕಗಳು ಯಾವ ಓದುಗರಿಗೂ ಉಪಯೋಗಕ್ಕೆ ಬರುವುದಿಲ್ಲವೆಂದು, ಪ್ರತಿಯೊಂದನ್ನೂ ಪರಿಶೀಲಿಸಿ ದೃಢೀಕರಿಸಿದ್ದೇನೆ.' ಎಷ್ಟೋ ವರ್ಷಗಳಿಂದ ಆ ಒಕ್ಕಣೆ ನೋಡುತ್ತಾ ಬಂದಿದ್ದರೂ ನಾನು ಅದನ್ನು ಅವತ್ತೇ ಗಮನವಿಟ್ಟು ಓದಿದ್ದು.

"ಸರ್, ಈ ಯಜಮಾನ್ರು ದಿನಾ ಓದೋರು. ಅವರು ಓದಿ, ಯೋಚನೆ ಮಾಡಿ, ಇದು ಯಾರಿಗೂ ಬೇಡ ಅಂತ ತೂತು ಹೊಡ್ದ ಪುಸ್ತಕಗಳನ್ನೇ ಈ ಅಕ್ಕ ಬದುಕಿಗೆ ಆಸರೆ ಅಂತ ಹಿಡ್ಕೊಂಡಿದಾರೆ. ಅಷ್ಟು ಓದಿರೋ ಅವರ ಲೆಕ್ಕಾನೇ ತಪ್ಪಿದೆ. ನಾನು ಇದ್ರಲ್ಲಿ ಅರ್ಧ ಓದಿಲ್ಲ, ನೀವು ಒಂದೂ ಓದಿಲ್ಲ. ಯಾವ ಓದುಗರಿಗೂ ಬೇಡ ಅಂತ ದೃಢೀಕರಿಸೋಕೆ ನಾನ್ಯಾರು? ಸಹಿ ಮಾಡಲ್ಲ."

"ಇದರ ಪರಿಣಾಮ ಗೊತ್ತಾ ನಿಮಗೆ?"

"ಗೊತ್ತು ಸರ್. ಹಿಂದಿನ ಕೋಣೇಲಿ ಹಳೇ ಪೇಪರ್ ಇದೆ, ಅದಕ್ಕೆ ಬೇಕಾದ್ರೆ ಈಗ್ಲೇ ಸಹಿ ಮಾಡ್ತೀನಿ. ಮೇಜು ಕುರ್ಚಿ ಅಲ್ಲಿ ಹಾಕ್ಸಿ."

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೀರೆಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಮೇಲಧಿಕಾರಿಗಳು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟರು. ಲಗೇಜ್ ಆಟೋ ಖಾಲಿಯಾಗಿ ತಿರುಗಿಕೊಂಡಿತು. ಕಂಡಕ್ಟರ್ ಯಜಮಾನರೂ ಟೈಲರ್ ಅಕ್ಕನೂ ಬೀರುವಿನ ಮುಂದೆ ನಿಂತು ಜಗಳ ಮುಂದುವರಿಸಿದ್ದರು. ಅಕ್ಕ ತಮ್ಮ ಬಸ್ಸು ತಪ್ಪಿಸಿಕೊಂಡರು.

ಮೆಮೊ ಬಂತು. ಆದೇಶ ಪಾಲಿಸದಿರಲು ಕಾರಣವೇನು ಎಂದು ಕೇಳಿದ್ದರು. ಒಕ್ಕಣೆಯನ್ನು ಹಾಗೇ ಎತ್ತಿ ಬರೆದು, ಇದು ನಿಜವಲ್ಲ, ನಿಜವಲ್ಲದ್ದಕ್ಕೆ ಸಹಿ ಮಾಡುವುದಿಲ್ಲ ಎಂದು ಉತ್ತರಿಸಿದೆ. ಅದಾದ ಮೇಲೆ ಕುಣಿಗಲ್ಲಿಗೆ ವರ್ಗವಾಯಿತು. ಸದಸ್ಯತ್ವ ರದ್ದತಿಯ ಆದೇಶ ಬರವಣಿಗೆಯಲ್ಲಿ ಬರಲಿಲ್ಲ, ಬಾಯಿಮಾತಿನ ಆದೇಶವನ್ನು ನಾನು ಜಾರಿ ಮಾಡಲಿಲ್ಲ. ಈಗ ಹೆಬ್ಬೂರಿನ ಮೇಲೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಶಿಕ್ಷೆ ಎಂದು ಕಳಿಸಿದ್ದು, ಇರಲಿ. ಅಲ್ಲಿಯೂ ಒಂದು ಬೀರು ಕಾದಂಬರಿ ಇದೆ, ಮೊದಲ ದಿನವೇ ಪುಟಗಳ ಮೂಲೆ ನೋಡಿದೆ.

ಗುಬ್ಬಿಗೆ ನನ್ನ ಜಾಗಕ್ಕೆ ಬಂದವರು ವಯಸ್ಸಿನಲ್ಲಿ ಚಿಕ್ಕವರು, ಇದು ಅವರ ಮೊದಲ ನೇಮಕ. ಬೀಗದ ಕೈ ಕೊಡುವಾಗ ನಾನು ಏನೂ ಹೇಳಿರಲಿಲ್ಲ. ಸ್ವಲ್ಪ ದಿನಕ್ಕೆ ಅವರೇ ಫೋನು ಮಾಡಿದರು.

"ಮೇಡಂ, ಆ ಪಟ್ಟಿಗೆ ಸಹಿ ಮಾಡು ಅಂತ ದಿನಾ ಫೋನು ಬರ್ತಿದೆ. ಏನ್ ಮಾಡ್ಲಿ?"

"ಒಕ್ಕಣೆ ಓದಿ. ಪ್ರತಿಯೊಂದನ್ನೂ ಪರಿಶೀಲಿಸಿ ಅಂತಿದೆಯಲ್ಲ, ಪರಿಶೀಲಿಸಿ."

"ಎಲ್ಲಿಂದ ಶುರು ಮಾಡ್ಲಿ?"

"ಸಂತೆ ದಿನ ಕಡಬದಿಂದ ಒಬ್ಬರು ಬರ್ತಾರೆ. ಅವರನ್ನ ಕೇಳಿ."

ಆಮೇಲೆ ಬಹಳ ದಿನ ಸುದ್ದಿ ಇರಲಿಲ್ಲ. ಹುಡುಗ ಹೆದರಿ ಸಹಿ ಮಾಡಿಬಿಟ್ಟಿರಬೇಕು ಎಂದು ಒಳಗೊಳಗೇ ಸಂಕಟಪಡುತ್ತಿದ್ದೆ. ಹೋದ ವಾರ ಕುಣಿಗಲ್ಲಿನಿಂದ ವಾಪಸ್ಸು ಬರುವ ಬಸ್ಸಿನಲ್ಲಿದ್ದಾಗ ಅವರ ಫೋನು ಬಂತು.

"ಮೇಡಂ, ಆ ಕಡಬದ ಅಕ್ಕ ಹೇಳಿದ್ದನ್ನೆಲ್ಲ ಓದ್ತಾ ಇದೀನಿ. ನಿಜ ಹೇಳ್ಬೇಕಂದ್ರೆ ನಂಗೆ ಒಂದೂ ಹಿಡಿಸ್ತಿಲ್ಲ."

"ಮತ್ತೆ ಸಹಿ ಮಾಡಿದ್ರಾ?"

"ನಂಗೆ ಹಿಡಿಸ್ಲಿಲ್ಲ ಅಂದ ಮಾತ್ರಕ್ಕೆ ಯಾವ ಓದುಗರಿಗೂ ಬೇಡ ಅಂತ ಹೆಂಗೆ ಸಹಿ ಮಾಡೋದು ಮೇಡಂ?" ಎಂದರು ಅವರು.